ನಾಲ್ಕನೇ ಕ್ಲಾಸು ‘ಬಿ’ ಸೆಕ್ಷನ್ನಿನ ದೃಷ್ಟಿಬೊಂಬೆ

ಕಾಡುಗೋಡಿಯ ಗೋಪಾಲಪ್ಪನವರಿಗೆ ತಮ್ಮ ಮುಖದ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು. ಆ ಅಭಿಪ್ರಾಯ ಇಟ್ಟುಕೊಂಡಿದ್ದವರು ಇಡೀ ಊರಿನಲ್ಲಿ ಅವರೊಬ್ಬರೇ ಎಂಬುದು ಬೇರೆ ಮಾತು.

ಪ್ರತಿ ವರ್ಷ ಗಣೇಶನ ಹಬ್ಬಕ್ಕೆ ಬೀದಿಯ ತುದಿಯಲ್ಲಿ ನಿಲ್ಲಿಸುವ ಫ್ಲೆಕ್ಸಿನ ಅಡಿಯಲ್ಲಿ ಹದಿನೆಂಟು ಮುಖಗಳ ಸಾಲು ಇರುತ್ತಿತ್ತು. ಎಡಗಡೆಯಿಂದ ಹನ್ನೊಂದನೆಯದು ಗೋಪಾಲಪ್ಪನವರದು. ಆ ಫೋಟೋ ತೆಗೆಸಿಕೊಳ್ಳಲು ಅವರು ಸ್ಟುಡಿಯೋದಲ್ಲಿ ಮುಕ್ಕಾಲು ಗಂಟೆ ಕೂತಿದ್ದರು. ‘ಒಂಚೂರು ನಗಿ ಅಣ್ಣ’ ಎಂದು ಸ್ಟುಡಿಯೋದವನು ಬೇಡಿಕೊಂಡು ಬೇಡಿಕೊಂಡು ಸುಸ್ತಾಗಿ, ಕೊನೆಗೆ ಕಂಪ್ಯೂಟರಿನಲ್ಲಿ ಬೇರೆ ಯಾರದೋ ನಗುವನ್ನು ತಂದು ಅಂಟಿಸಿ ಕಳಿಸಿದ್ದ. ಗೋಪಾಲಪ್ಪನವರಿಗೆ ಅದು ಗೊತ್ತಿರಲಿಲ್ಲ. ಎಷ್ಟು ಸೌಮ್ಯವಾಗಿ ಬಂದಿದ್ದೇನೆ ನೋಡು ಎಂದು ಹೆಂಡತಿ ವೆಂಕಟಮ್ಮನನ್ನು ಎರಡು ಸಲ ಕರೆದುಕೊಂಡು ಹೋಗಿ ತೋರಿಸಿದ್ದರು. ವೆಂಕಟಮ್ಮ ಎರಡು ಸಲವೂ ಹನ್ನೆರಡನೆಯ ಮುಖವನ್ನು ನೋಡಿ ಹೂಂ ಎಂದಿದ್ದಳು.

ನಿಜವಾದ ಮುಖದಲ್ಲಿ ಏನೇನಿತ್ತು ಎಂದರೆ, ಪೊರಕೆಯಂಥ ಮೀಸೆ, ಗುಡ್ಡೆ ಹೊರಗೆ ಬರುವಂಥ ಕಣ್ಣು, ಮೂಗಿನ ಎಡಪಕ್ಕದಲ್ಲಿ ಕಡಲೆಕಾಳಿನಷ್ಟು ದೊಡ್ಡ ನರಹುಲಿ. ಸಿಟ್ಟು ಬಂದರೆ ಇಷ್ಟೂ ಎರಡರಷ್ಟಾಗಿ, ನಾಲಿಗೆಯ ತುದಿ ಹಲ್ಲುಗಳ ನಡುವೆ ಇಣುಕುತ್ತಿತ್ತು. ಗೇಟಿಗೆ ಅಡ್ಡಲಾಗಿ ಬಾಡಿಗೆಯವರು ಬೈಕು ನಿಲ್ಲಿಸಿದರೆ ಸಿಟ್ಟು ಬರುತ್ತಿತ್ತು. ನೀರಿನ ಟ್ಯಾಂಕರು ತಡವಾದರೆ ಬರುತ್ತಿತ್ತು, ಬೇಗ ಬಂದರೂ ಬರುತ್ತಿತ್ತು. ಆದರೆ ನನಗೆ ಸಿಟ್ಟೇ ಬರೋದಿಲ್ಲ ಎಂದು ಅವರು ಕೂಗಿ ಕೂಗಿ ಹೇಳುತ್ತಿದ್ದರು.

ಅಪ್ಪನ ಕಾಲದಲ್ಲಿ ದನದ ಕೊಟ್ಟಿಗೆಯಿದ್ದ ಜಾಗದಲ್ಲಿ ಈಗ ಅವರ ಮೂರು ಅಂತಸ್ತಿನ ಕಟ್ಟಡ ನಿಂತಿತ್ತು. ನಾಲ್ಕನೆಯದು ಏಳುತ್ತಿತ್ತು. ಸೋಮವಾರ ಮೋಲ್ಡು, ಅಂದರೆ ಚಾವಣಿಗೆ ಕಾಂಕ್ರೀಟು ಸುರಿಯುವ ದಿನ. ಶ್ಯಾಮಣ್ಣ ಮೇಸ್ತ್ರಿ ಚಾವಣಿಗೆ ಆಸರೆಯಾಗುವ ಸೆಂಟ್ರಿಂಗ್ ಕಂಬಗಳನ್ನು ನಿಲ್ಲಿಸಿ ಮುಗಿಸಿದ್ದ. ಒಂದು ದೃಷ್ಟಿಬೊಂಬೆ ತಂದುಕೊಡಿ ಅಣ್ಣ, ಎದುರುಮನೆ ರಾಮಮ್ಮನ ಕಣ್ಣು ಬಾಳ ಕೆಟ್ಟದು ಎಂದು ಅವನು ಹದಿನೈದು ದಿನದಿಂದ ಪೀಡಿಸುತ್ತಿದ್ದ.

ಇದು ಕಟ್ಟಡದ ಸಂಗತಿ. ಇನ್ನು ಶಾಲೆಯ ಸಂಗತಿ.

ಗೋಪಾಲಪ್ಪನವರ ಮೊಮ್ಮಗಳು ಲಾವಣ್ಯ ಎರಡು ಬೀದಿ ಆಚೆಯ ಚಿಗುರು ಪ್ರೈಮರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು ‘ಬಿ’ ಸೆಕ್ಷನ್ನಿನಲ್ಲಿ ಓದುತ್ತಿದ್ದಳು. ಶನಿವಾರ ಶಾಲೆಯಲ್ಲಿ ಚಿತ್ರಕಲೆಯ ಪ್ರದರ್ಶನ. ಹೆಡ್ ಮಿಸ್ಸು ಪದ್ಮಾವತಿಯವರು ಎಲ್ಲರಿಗೂ ಒಂದು ಚೀಟಿ ಕಳಿಸಿದ್ದರು. ಒಂದನೇ ಕ್ಲಾಸಿನವರು ಹೆಬ್ಬೆಟ್ಟು ಒತ್ತಿ ನವಿಲು ಮಾಡಬೇಕು. ಎರಡನೆಯವರು ಒಣಗಿದ ಎಲೆ ಅಂಟಿಸಿ ಪ್ರಾಣಿ. ಮೂರನೆಯವರು ಬೆಂಡೆಕಾಯಿ ಕತ್ತರಿಸಿ, ಬಣ್ಣದಲ್ಲಿ ಅದ್ದಿ, ಸೀರೆಯ ಅಂಚು. ನಾಲ್ಕನೆಯವರು ಕಾಗದದ ಮುಖವಾಡ, ವಿಷಯ ‘ನಮ್ಮ ಮನೆಯವರ ಮುಖ’. ಐದನೆಯವರು ಥರ್ಮೊಕೋಲಿನಲ್ಲಿ ‘ನಮ್ಮ ಏರಿಯಾ’. ಕೆಳಗೆ ದಪ್ಪ ಅಕ್ಷರದಲ್ಲಿ, ಎಲ್ಲವನ್ನೂ ಮಕ್ಕಳೇ ಮಾಡಿರಬೇಕು, ಅಂಗಡಿಯಿಂದ ತಂದದ್ದನ್ನು ಇಡುವುದಿಲ್ಲ ಎಂದು ಬರೆದಿತ್ತು. ಚೀಟಿ ಓದಿಕೊಂಡ ತಂದೆತಾಯಿಗಳು ಅವತ್ತೇ ಸಂಜೆ ಶಾಲೆಯ ಪಕ್ಕದ ಪ್ರಾಜೆಕ್ಟ್ ಅಂಗಡಿಗೆ ಮುತ್ತಿಗೆ ಹಾಕಿದರು.

ಲಾವಣ್ಯ ಮಾತ್ರ ಎಲ್ಲಿಗೂ ಹೋಗಲಿಲ್ಲ. ಅವಳಮ್ಮ ವನಜಾ ಮೈದಾ ಅಂಟು ಕಾಯಿಸಿಕೊಟ್ಟು, ಮಿಕ್ಕಿದ್ದು ನಿನ್ನ ಪಾಡು ಎಂದಿದ್ದಳು. ಹುಡುಗಿ ಒಂದು ವಾರ ಹಳೇ ಪೇಪರು ಹರಿದು, ಮಡಕೆಯ ಬೆನ್ನಿಗೆ ಪದರ ಪದರವಾಗಿ ಮೆತ್ತಿ, ತೆಂಗಿನ ನಾರಿಗೆ ಕಪ್ಪು ಬಳಿದು ಮೀಸೆ ಮಾಡಿ, ಯಾರಿಗೂ ತೋರಿಸದೆ ಕೆಲಸ ಮುಗಿಸಿದಳು. ಗುರುವಾರ ಸಂಜೆ ಅದನ್ನು ಒಣಗಲೆಂದು ನಾಲ್ಕನೇ ಅಂತಸ್ತಿನ ಸಿಮೆಂಟು ಮೂಟೆಯ ಮೇಲೆ ಇಟ್ಟು ಬಂದಳು.

ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಶಾಲೆಯ ವ್ಯಾನು ಅವಳನ್ನು ಹತ್ತಿಸಿಕೊಂಡು ಹೋಯಿತು. ಎಂಟಕ್ಕೆ ಬಂದ ಶ್ಯಾಮಣ್ಣ ಮೂಟೆಯ ಮೇಲೆ ಕೂತಿದ್ದ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ, ಅಂತೂ ಓನರು ಬೊಂಬೆ ತಂದರಲ್ಲ ಎಂದು ಸಮಾಧಾನವಾಗಿ, ರಸ್ತೆಯ ಕಡೆಯ ಕಂಬಕ್ಕೆ ಬಿಗಿಯಾಗಿ ಕಟ್ಟಿದ.

ಹಾಲು ತರಲು ಹೊರಟ ಗೋಪಾಲಪ್ಪನವರು ಗೇಟಿನ ಹೊರಗೆ ನಿಂತು ತಲೆಯೆತ್ತಿದರು. ವೆಂಕಟಮ್ಮ ತರಿಸಿರಬೇಕು ಎಂದುಕೊಂಡರು. ಬೊಂಬೆ ಕಣ್ಣು ಕೆಕ್ಕರಿಸಿಕೊಂಡು, ನಾಲಿಗೆ ಕಚ್ಚಿಕೊಂಡು ಕಾಡುಗೋಡಿಯನ್ನೇ ನುಂಗುವ ಹಾಗೆ ನೋಡುತ್ತಿತ್ತು.

“ಎಂಗೈತೆ ಗೋಪಾಲಣ್ಣ?” ಎಂದು ಮೇಲಿನಿಂದ ಶ್ಯಾಮಣ್ಣ ಕೇಳಿದ.

“ಸಕ್ಕತ್ತಾಗೈತೆ ಕಣಯ್ಯ. ಇಂಥಾ ದರಿದ್ರ ಮುಖ ನಾನು ಉಟ್ಟಿದಾಗಿಂದ ನೋಡಿಲ್ಲ.”

ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಕಾಡುಗೋಡಿಯಂತೂ ಇನ್ನೂ ಮರೆತಿಲ್ಲ.

ಅಷ್ಟು ಹೊತ್ತಿಗೆ ಎರಡನೇ ಅಂತಸ್ತಿನಲ್ಲಿ ಬಾಡಿಗೆಗಿದ್ದ ಮಹಾನಂದಾ ಮಿಸ್ಸು ಕೈಚೀಲ ಹಿಡಿದು ಕೆಳಗಿಳಿದರು. ಲಾವಣ್ಯಳ ಕ್ಲಾಸ್ ಟೀಚರು ಅವರೇ. ಬೊಂಬೆ ಎಷ್ಟು ಚೆನ್ನಾಗಿದೆ, ಎಲ್ಲಿ ಸಿಕ್ಕಿತು ಸಾರ್ ಎಂದು ವಿಚಾರಿಸಿದರು. ಹೆಂಡತಿ ತರಿಸಿದ್ದು ಎಂದರೆ ಓನರಾದವನ ಮರ್ಯಾದೆ ಏನಾಗಬೇಕು? ಗೋಪಾಲಪ್ಪನವರು ಹೆಗಲ ಮೇಲಿನ ಟವೆಲ್ಲು ಕೊಡವಿ, “ಸಿಟಿ ಮಾರ್ಕೆಟ್ಟಲ್ಲಿ ಮೇಡಂ. ನಾನೇ ಓಗಿ, ಇಡೀ ಬೀದಿ ಸುತ್ತಿ, ನೂರು ಬೊಂಬೆ ನೋಡಿ ಇದನ್ನ ಆರಿಸ್ಕಂಡು ಬಂದೆ” ಎಂದರು. ಅವರು ಸಿಟಿ ಮಾರ್ಕೆಟ್ಟಿನ ಕಡೆ ತಲೆ ಹಾಕಿ ಆರು ವರ್ಷವಾಗಿತ್ತು. ಮಿಸ್ಸು ನಂಬಿಕೊಂಡು ಶಾಲೆಗೆ ಹೋದರು.

ಆಮೇಲೆ ಎದುರುಮನೆ ರಾಮಮ್ಮ ಸೊಪ್ಪು ಕೊಳ್ಳಲು ಹೊರಗೆ ಬಂದಳು. ದಂಟಿನ ಕಟ್ಟು ಕೈಯಲ್ಲಿ ಹಿಡಿದೇ ಮೇಲೆ ನೋಡಿದಳು. ಗೋಪಾಲಪ್ಪನವರನ್ನು ನೋಡಿದಳು. ಮತ್ತೆ ಮೇಲೆ ನೋಡಿದಳು.

“ಗೋಪಾಲಣ್ಣ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ಫ್ಲೆಕ್ಸಲ್ಲಿ ಆಕಿಸ್ಕಂಡಿದ್ದು ಸಾಕಾಗ್ನಿಲ್ವಾ?”

ಗೋಪಾಲಪ್ಪನವರಿಗೆ ಅರ್ಥವಾಗಲಿಲ್ಲ. ಸೊಪ್ಪಿನವಳಿಗೆ ಅರ್ಥವಾಯಿತು. ಅವಳು ಬುಟ್ಟಿ ಇಳಿಸಿ, ಸೆರಗು ಬಾಯಿಗೆ ಒತ್ತಿಕೊಂಡಳು. ಹಾಲಿನ ಅಂಗಡಿಯವನಿಗೆ ಅರ್ಥವಾಯಿತು. ಮೂರನೇ ಅಂತಸ್ತಿನ ಹುಡುಗರು ಬಾಲ್ಕನಿಯಿಂದ ಬಗ್ಗಿ ಫೋಟೋ ತೆಗೆದು ಯಾರಿಗೋ ಕಳಿಸಿದರು. ಹತ್ತು ಗಂಟೆಗೆ ನೀರಿನ ಟ್ಯಾಂಕರಿನವನು ಬಂದು, ಮೇಲೆ ನೋಡಿದವನೇ ಅಭ್ಯಾಸಬಲದಿಂದ ಬೊಂಬೆಗೆ “ಬಂದೆ ಅಣ್ಣ, ಬಂದೆ, ಟ್ರಾಫಿಕ್ಕು” ಎಂದು ಕೈಮುಗಿದ.

ಆಗ ಗೋಪಾಲಪ್ಪನವರಿಗೂ ಅರ್ಥವಾಯಿತು.

ಆದರೆ ಒಪ್ಪಿಕೊಳ್ಳುವ ಜಾಯಮಾನ ಅವರದಲ್ಲ. ಮೀಸೆ ಯಾರಿಗೆ ಬೇಕಾದರೂ ಇರುತ್ತದೆ ಎಂದು ವಾದಿಸಿದರು. ಬೊಂಬೆಗೆ ಕಣ್ಣು ಕೆಕ್ಕರಿಸುವುದೇ ಕೆಲಸ ಎಂದರು. ಮತ್ತೆ ನರಹುಲಿ ಎಂದು ರಾಮಮ್ಮ ಕೇಳಿದಾಗ, ಸೆಂಟ್ರಿಂಗ್ ನೋಡಿಬರ್ತೀನಿ ಎಂದು ಸರಸರ ನಾಲ್ಕು ಅಂತಸ್ತು ಹತ್ತಿ, ಬೊಂಬೆಯ ಮೂಗಿನ ಪಕ್ಕ ಕೈಯಾಡಿಸಿದರು. ಅಲ್ಲೊಂದು ಕಡಲೆಕಾಳು ಅಂಟಿಕೊಂಡಿತ್ತು. ಉಗುರಿನಲ್ಲಿ ಕಿತ್ತು ಎಸೆಯಬೇಕು ಎನ್ನುವಷ್ಟರಲ್ಲಿ ಶ್ಯಾಮಣ್ಣ ಮೆಟ್ಟಿಲು ಹತ್ತಿ ಬರುವ ಸದ್ದಾಯಿತು. ಗೋಪಾಲಪ್ಪನವರು ಸಾಕ್ಷಿಯನ್ನು ಬಾಯಿಗೆ ಹಾಕಿಕೊಂಡು, ಮೈದಾ ಅಂಟಿನ ಸಮೇತ ನುಂಗಿಬಿಟ್ಟರು.

ಮಧ್ಯಾಹ್ನ ಊಟದ ಹೊತ್ತಿಗೆ, ಇಂಥ ಬೊಂಬೆ ಯಾಕೆ ತಂದೆ ಎಂದು ವೆಂಕಟಮ್ಮನ ಮೇಲೆ ಹಾರಾಡಿದರು. ನಾನೆಲ್ಲಿ ತಂದೆ, ಸಿಟಿ ಮಾರ್ಕೆಟ್ಟಿಗೆ ಓಗಿದ್ದೆ ಅಂತ ಊರಿಗೆಲ್ಲ ಸಾರಿದೋರು ನೀವಲ್ಲವಾ ಎಂದು ವೆಂಕಟಮ್ಮ ಮುದ್ದೆ ಇಕ್ಕಿದಳು. ಶ್ಯಾಮಣ್ಣನನ್ನು ಕರೆಸಿ ಕೇಳಿದರೆ, ನೀವು ಇಟ್ಟಿದ್ದು ಅಂತ ನಾನು ಕಟ್ಟಿದೆ ಎಂದ. ಬೊಂಬೆ ಯಾರೂ ತರದೆ ತಾನೇ ಬಂದು ಕೂತಿತು ಎಂದಾಯಿತು. ವೆಂಕಟಮ್ಮ ಹೆದರಿ ದೇವರಿಗೆ ಎರಡನೇ ಸಲ ದೀಪ ಹಚ್ಚಿದಳು.

ಮೂರೂವರೆಗೆ ವ್ಯಾನು ಬಂತು. ಲಾವಣ್ಯ ಬ್ಯಾಗು ಹೊತ್ತು ಇಳಿದವಳು, ಮೇಲೆ ನೋಡಿ ನಡುಬೀದಿಯಲ್ಲೇ ನಿಂತಳು.

“ನಮ್ಮ ತಾತನ್ನ ಯಾರು ನೇತಾಕಿದ್ದು?”

ಬೀದಿಯಲ್ಲಿದ್ದ ಅಷ್ಟೂ ಜನ ಗೋಪಾಲಪ್ಪನವರ ಕಡೆ ತಿರುಗಿದರು. ಅವರು ಮೊಮ್ಮಗಳ ಕೈ ಹಿಡಿದು ಮೆಟ್ಟಿಲ ಹಿಂದೆ ಕರೆದುಕೊಂಡು ಹೋದರು. ಅಲ್ಲಿ ವಿಷಯವೆಲ್ಲ ಹೊರಬಂತು. ನಾಳೆ ಒಂಬತ್ತಕ್ಕೆ ಮುಖವಾಡ ಮಿಸ್ಸಿಗೆ ಕೊಡಬೇಕು. ವಾರವೆಲ್ಲ ಕೂತು ಮಾಡಿದ್ದಾಳೆ. ಬೇರೆ ಮಾಡಲು ಹೊತ್ತಿಲ್ಲ, ಬೇರೆ ಮಾಡುವುದೂ ಇಲ್ಲ.

“ಪುಟ್ಟಿ, ಅದು ನಾನಲ್ಲ ಅಂತ ಯೋಳು. ನಿಮ್ಮಜ್ಜಿ ಮುಖ ಅಂದ್ಬಿಡು.”

“ಅಜ್ಜಿಗೆ ಮೀಸೆ ಇಲ್ಲ ತಾತ.”

“ಓಗ್ಲಿ, ಫ್ಲೆಕ್ಸಲ್ಲಿ ಇರೋ ತರ ನಗ್ನಗ್ತಾ ಮಾಡ್ಬಾರ್ದಾಗಿತ್ತಾ?”

“ಫ್ಲೆಕ್ಸಲ್ಲಿರೋದು ನೀನಲ್ಲ. ಇದು ನೀನು. ಟ್ಯಾಂಕರ್ ಬಂದಾಗೆಲ್ಲ ಇದೇ ಮೆಟ್ಲ ಹಿಂದೆ ಕೂತ್ಕೊಂಡು, ನಿನ್ನ ನೋಡ್ಕೊಂಡೇ ಮಾಡಿದೀನಿ.” ಅವಳು ಗೇಟಿನಾಚೆ ಓಡಿ, ಕಣ್ಣು ಕಿರಿದು ಮಾಡಿ ಮತ್ತೆ ಮೇಲೆ ನೋಡಿ ಬಂದಳು. “ಕಡಲೆಕಾಳು ಎಲ್ಲೋಯ್ತು?”

ಗೋಪಾಲಪ್ಪನವರು ಟ್ಯಾಂಕಿನಲ್ಲಿ ನೀರು ತುಂಬಿತೋ ಇಲ್ಲವೋ ನೋಡಬೇಕು ಎಂದು ಎದ್ದುಹೋದರು.

ಬೊಂಬೆ ಬಿಚ್ಚುವುದೂ ಸುಲಭವಾಗಲಿಲ್ಲ. ಕಟ್ಟಿದ ಬೊಂಬೆಯನ್ನು ಗೃಹಪ್ರವೇಶಕ್ಕೆ ಮುಂಚೆ ಬಿಚ್ಚಬಾರದು ಎಂದು ವೆಂಕಟಮ್ಮ ಗೇಟಿಗೆ ಅಡ್ಡ ನಿಂತಳು. ಬಿಚ್ಚಿದರೆ ಸೋಮವಾರ ಮೋಲ್ಡಿಗೆ ಒಬ್ಬ ಆಳೂ ಬರೋದಿಲ್ಲ ಎಂದು ಶ್ಯಾಮಣ್ಣ ಹೇಳಿದ. ಇರಲಿ ಬಿಡು, ಗೋಪಾಲಣ್ಣ ಮೇಲಿದ್ದರೆ ನಮ್ಮ ಬೀದಿಗೆ ಕಳ್ಳರು ಬರೋದಿಲ್ಲ ಎಂದು ರಾಮಮ್ಮ ಎದುರುಮನೆಯಿಂದ ಸಲಹೆ ಕೊಟ್ಟಳು. ಗೋಪಾಲಪ್ಪನವರಿಗೆ ಬೇಡ ಎಂದವರ ಮುಂದೆಯೇ ಮಾಡಿ ತೋರಿಸುವ ಚಟ. ಮೋಲ್ಡು ನಿಂತರೂ ಸರಿ, ಆಕಾಶ ಬಿದ್ದರೂ ಸರಿ, ಅದು ನನ್ನ ಮೊಮ್ಮಗಳು ಮಾಡಿದ್ದು ಎಂದು ಪಂಚೆ ಮೇಲೆ ಕಟ್ಟಿ ತಾವೇ ಹತ್ತಿ ಬಿಚ್ಚಿಕೊಂಡು ಬಂದರು. ಆ ಜಾಗಕ್ಕೆ ಒಂದು ಬೂದುಗುಂಬಳಕಾಯಿ ಕಟ್ಟಿಸಿದರು. ಇಳಿದು ಬರುತ್ತಾ, ಮೊಮ್ಮಗಳು ಮಾಡಿದ್ದು ನಿಜ, ಆದರೆ ಅದು ನಾನಲ್ಲ ಎಂದು ಪ್ರತಿ ಅಂತಸ್ತಿನಲ್ಲೂ ನಿಂತು ತಿಳಿಸಿದರು.

ಶನಿವಾರ ಹತ್ತೂವರೆಗೆ ಇಸ್ತ್ರಿ ಮಾಡಿದ ಬಿಳಿ ಷರ್ಟು, ಜರಿಶಲ್ಯ ಹಾಕಿಕೊಂಡು, ವೆಂಕಟಮ್ಮನ ಜೊತೆ ಶಾಲೆಗೆ ಹೋದರು. ಅಲ್ಲಿನ ದೊಡ್ಡ ಹಾಲಿನ ತುಂಬ ಮೇಜುಗಳು, ಮೇಜುಗಳ ತುಂಬ ಕಲೆ. ಒಂದನೇ ಕ್ಲಾಸಿನ ಮೇಜಿನಲ್ಲಿ ಹೆಬ್ಬೆಟ್ಟಿನ ನವಿಲುಗಳು ಗರಿ ಬಿಚ್ಚಿದ್ದವು. ಒಂದೊಂದು ಹೆಬ್ಬೆಟ್ಟೂ ಹಳೇ ಎಂಟಾಣೆಯಷ್ಟು ಅಗಲವಿತ್ತು. ಆರು ವರ್ಷದ ಮಕ್ಕಳಿಗೆ ಇಂಥ ಹೆಬ್ಬೆಟ್ಟು ಎಲ್ಲಿಂದ ಬಂತೋ ಎಂದು ಗೋಪಾಲಪ್ಪನವರು ತಮ್ಮದನ್ನು ಪಕ್ಕದಲ್ಲಿಟ್ಟು ಅಳೆದು ನೋಡಿದರು. ಎರಡನೆಯವರ ಮೇಜಿನಲ್ಲಿ ಎಲೆಯ ಆನೆ, ಎಲೆಯ ಮೊಲ, ಎಲ್ಲದಕ್ಕೂ ಒಂದೇ ಅಂಗಡಿಯ ಒಂದೇ ಚೌಕಟ್ಟು. ಮೂಲೆಯಲ್ಲಿ ಐದು ಕಾಲಿನ ಒಂದು ಹಸು ಮಾತ್ರ ಚೌಕಟ್ಟಿಲ್ಲದೆ ನಿಂತಿತ್ತು. ಮೂರನೆಯವರ ಬೆಂಡೆಕಾಯಿ ಅಂಚಿನ ಸೀರೆಯನ್ನು ವೆಂಕಟಮ್ಮ ಮುಟ್ಟಿ ನೋಡಿ, ಇದು ಅಂಗಡಿಯಲ್ಲಿ ಅಚ್ಚು ಹಾಕಿದ ಬಟ್ಟೆ ಎಂದು ತೀರ್ಪು ಕೊಟ್ಟಳು. ಐದನೆಯವರ ಥರ್ಮೊಕೋಲಿನಲ್ಲಿ ಮೆಟ್ರೋ ನಿಲ್ದಾಣ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ರೈಲು ಯಾವಾಗ ಎಂದು ಯಾರಾದರೂ ಕೇಳಬೇಕು. ಅಡಿಯಲ್ಲಿ ಪ್ರಾಜೆಕ್ಟ್ ಅಂಗಡಿಯ ಚೀಟಿ ಅರ್ಧ ಕಿತ್ತುಬಂದಿತ್ತು.

ನಾಲ್ಕನೇ ಕ್ಲಾಸಿನ ಮೇಜಿನ ಮೇಲೆ ಮುಖಗಳು ಸಾಲಾಗಿ ನಗುತ್ತಿದ್ದವು. ಅವರ ಬೊಂಬೆ ಇರಲಿಲ್ಲ. ಬಗ್ಗಿ ನೋಡಿದರೆ ಮೇಜಿನ ಕೆಳಗೆ, ಗೋಡೆಗೆ ಮುಖ ಮಾಡಿಕೊಂಡು ಬಿದ್ದಿತ್ತು. ಬೆನ್ನಿಗೆ ಕೆಂಪು ಶಾಯಿಯಲ್ಲಿ ‘ರೆಡಿಮೇಡ್’ ಎಂದು ಬರೆದ ಚೀಟಿ. ಪಕ್ಕದಲ್ಲಿ ಲಾವಣ್ಯ ಕೈಕಟ್ಟಿಕೊಂಡು ನಿಂತಿದ್ದಳು. ಕ್ಲಾಸಿಗೆ ಹೋಗು ಎಂದರೂ ಹೋಗಿಲ್ಲ, ತಿಂಡಿ ತಿನ್ನು ಎಂದರೂ ತಿಂದಿಲ್ಲ, ಒಂಬತ್ತು ಗಂಟೆಯಿಂದ ಹಾಗೇ ನಿಂತಿದ್ದಾಳೆ ಎಂದು ಪಕ್ಕದ ಮಗು ವರದಿ ಕೊಟ್ಟಿತು.

ಮಹಾನಂದಾ ಮಿಸ್ಸು ಓಡಿಬಂದರು. ಓನರು ಬೇರೆ, ಏನು ಹೇಳುವುದೆಂದು ಅವರಿಗೂ ಸಂಕಟ.

“ಸಾರಿ ಸಾರ್. ಮಾರ್ಕೆಟ್ಟಲ್ಲಿ ತಂದಿದ್ದು ಅಂತ ನೀವೇ ನಿನ್ನೆ ಹೇಳಿದ್ರಲ್ಲ. ರೂಲ್ಸ್ ಇದೆ, ನಾನೇನು ಮಾಡ್ಲಿ?”

ಗೋಪಾಲಪ್ಪನವರು ಒಂದು ಸಲ ಹಾಲನ್ನೆಲ್ಲ ನೋಡಿದರು. ಕಾಡುಗೋಡಿಯ ಅರ್ಧ ಜನ ಅಲ್ಲೇ ಇದ್ದರು. ರಾಮಮ್ಮನೂ ತನ್ನ ಮೊಮ್ಮಗನ ನವಿಲಿನ ಪಕ್ಕ ನಿಂತಿದ್ದಳು, ಅವಳ ಹೆಬ್ಬೆರಳಿನಲ್ಲಿ ಇನ್ನೂ ನೀಲಿ ಬಣ್ಣವಿತ್ತು. ಈಗ ನಿಜ ಹೇಳಿದರೆ ಸುಳ್ಳುಗಾರ ಎನ್ನಿಸಿಕೊಳ್ಳಬೇಕು, ಮೇಲೆ ಆ ಮುಖ ತಮ್ಮದೆಂದೂ ಒಪ್ಪಬೇಕು. ಹೇಳದಿದ್ದರೆ ಯಾರಿಗೂ ಏನೂ ಆಗುವುದಿಲ್ಲ, ಒಂದು ಹುಡುಗಿ ಕೈಕಟ್ಟಿಕೊಂಡು ನಿಂತಿರುತ್ತಾಳೆ, ಅಷ್ಟೆ. ಅವಳ ಕಡೆ ನೋಡಿದರು. ಅವಳು ಅಳುತ್ತಿರಲಿಲ್ಲ. ಕಣ್ಣು ಅಗಲಿಸಿಕೊಂಡು ನಿಂತಿದ್ದಳು, ನಾಲಿಗೆಯ ತುದಿ ಹಲ್ಲುಗಳ ನಡುವೆ ಇಣುಕುತ್ತಿತ್ತು. ಗೋಪಾಲಪ್ಪನವರು ಬಗ್ಗಿ ಬೊಂಬೆಯನ್ನು ಎತ್ತಿಕೊಂಡರು.

“ಸುಳ್ಳು ಯೋಳ್ದೆ ಮೇಡಂ. ನಾನು ಮಾರ್ಕೆಟ್ಟಿಗೆ ಓಗೇ ಇಲ್ಲ. ಇದು ನನ್ ಮೊಮ್ಮಗಳು ಮಾಡಿದ್ದು. ಈ ಮುಖ ನಂದು.”

ಹೆಡ್ ಮಿಸ್ಸು ಪದ್ಮಾವತಿಯವರು ಬಂದರು. ಬಹಳ ಮೆದು ಸ್ವಭಾವದ ಹೆಂಗಸು, ಬೈಯುವುದನ್ನೂ ಹರಸಿದ ಹಾಗೆ ಬೈಯುತ್ತಿದ್ದರು. ಮುಖವಾಡವನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ನಿಮ್ಮ ಹಾಗೆ ಎಲ್ಲಿದೆ, ನಿಮಗಿರುವ ನರಹುಲಿ ಇದಕ್ಕೆ ಇಲ್ಲವಲ್ಲ ಎಂದರು.

“ಇತ್ತು ಮೇಡಂ. ಕಡಲೆಕಾಳು. ನಾನೇ ತಿಂದ್ಬಿಟ್ಟೆ.”

ಐದನೇ ಕ್ಲಾಸಿನವರು ಕಿಸಕ್ಕೆಂದರು. ರಾಮಮ್ಮ ಗಟ್ಟಿಯಾಗಿಯೇ ನಕ್ಕಳು. ಗೋಪಾಲಪ್ಪನವರು ಬೊಂಬೆಯನ್ನು ತಮ್ಮ ಕೆನ್ನೆಯ ಪಕ್ಕ ಹಿಡಿದು, ಅದೇ ಮುಖ ಮಾಡಿ ತೋರಿಸಲು ಹೊರಟರು. ಆದರೆ ಬೇಕೆಂದಾಗ ಸಿಟ್ಟು ಎಲ್ಲಿ ಬರುತ್ತದೆ? ಕಣ್ಣು ಬಿಟ್ಟರು, ಮೂಗು ಅರಳಿಸಿದರು, ಹೊಟ್ಟೆನೋವು ಬಂದವರ ಹಾಗೆ ಕಂಡಿತೇ ಹೊರತು ಮತ್ತೇನೂ ಆಗಲಿಲ್ಲ. ವೆಂಕಟಮ್ಮ, ಟ್ಯಾಂಕರಿನವನನ್ನು ನೆನೆಸ್ಕಳಿ ಎಂದು ಪಿಸುಗುಟ್ಟಿದಳು. ನೆನೆಸಿಕೊಂಡರು. ಬರಲಿಲ್ಲ.

ಪದ್ಮಾವತಿಯವರಿಗೆ ಪಾಪ ಎನಿಸಿತು. ಸಮಾಧಾನ ಮಾಡಲು ಹೋದರು.

“ಮೊಮ್ಮಗಳ ಮೇಲಿನ ಪ್ರೀತಿಗೆ ಹೀಗೆ ಹೇಳ್ತಿದೀರಾ, ನಂಗರ್ಥ ಆಗುತ್ತೆ ಸಾರ್. ಆದ್ರೆ ಇದು ನೀವು ಹೇಗಾಗುತ್ತೆ? ನಿಮ್ದು ಎಷ್ಟು ಸೌಮ್ಯವಾದ ಮುಖ. ಫ್ಲೆಕ್ಸಲ್ಲಿ ನೋಡಿದೀನಲ್ಲ.”

ಅರವತ್ತೆರಡು ವರ್ಷದಿಂದ ಈ ಮಾತಿಗಾಗಿ ಕಾದಿದ್ದರು ಗೋಪಾಲಪ್ಪನವರು. ಯಾರೂ ಹೇಳಿರಲಿಲ್ಲ. ಕೊನೆಗೊಬ್ಬರು ಹೇಳಿದರು, ಅದೂ ಇಂಥ ಹೊತ್ತಿನಲ್ಲಿ.

“ಯಾರ್ರೀ ಸೌಮ್ಯ?”

ಕಿಟಕಿಯ ಗಾಜು ಅದುರಿತು. ಒಂದನೇ ಕ್ಲಾಸಿನ ಮಗುವೊಂದು ಹೋ ಎಂದು ಅಳತೊಡಗಿತು. ಯಾರದೋ ಮೊಣಕೈ ತಗುಲಿ ಮೆಟ್ರೋ ನಿಲ್ದಾಣ ನೆಲಕ್ಕುರುಳಿತು. “ಯಾರು ಸೌಮ್ಯ? ಕಾಡುಗೋಡೀಲಿ ಯಾರನ್ನಾದ್ರೂ ಕೇಳಿ, ಗೋಪಾಲಪ್ಪ ಸೌಮ್ಯನಾ ಅಂತ! ಆ ಫ್ಲೆಕ್ಸಲ್ಲಿರೋನು ನಾನಲ್ಲ ಕಣ್ರೀ, ಇದು ನಾನು!” ಗುಡ್ಡೆ ಹೊರಗೆ ಬಂದಿತ್ತು, ಮೀಸೆ ನಿಮಿರಿತ್ತು, ನಾಲಿಗೆಯ ತುದಿ ಇಣುಕಿತ್ತು. ಕೆನ್ನೆಯ ಪಕ್ಕದಲ್ಲಿ ಬೊಂಬೆ ಹಾಗೇ ಇತ್ತು. ಎಡಕ್ಕೊಂದು ಮುಖ, ಬಲಕ್ಕೊಂದು ಮುಖ, ಯಾವುದು ಕಾಗದದ್ದು ಎಂದು ಹೇಳಲು ಹಾಲಿನ ಹಿಂದಿನ ಸಾಲಿನವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಪದ್ಮಾವತಿಯವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಮಹಾನಂದಾ ಮಿಸ್ಸು ಕೆಂಪು ಶಾಯಿಯ ಚೀಟಿ ಕಿತ್ತು ಮುದುರಿದರು. ಆ ಮುದುರಿದ ಚೀಟಿಯನ್ನು ಗೋಪಾಲಪ್ಪನವರು ಇಸಿದುಕೊಂಡು, ಇದು ಬೇಕಾದರೆ ಇಲ್ಲೇ ಇರಲಿ, ಈ ಹಾಲಿನಲ್ಲಿ ಅಂಟಿಸೋದಕ್ಕೆ ಜಾಗ ಬೇಕಾದಷ್ಟಿದೆ ಎಂದು ಒಂದನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗೆ ಕಣ್ಣಾಡಿಸಿದರು. ತಂದೆತಾಯಿಗಳು ಚಾವಣಿಯ ಫ್ಯಾನು ನೋಡತೊಡಗಿದರು. ರಾಮಮ್ಮ ಹೆಬ್ಬೆರಳನ್ನು ಸೆರಗಿನೊಳಗೆ ಬಚ್ಚಿಟ್ಟಳು. ಐದು ಕಾಲಿನ ಹಸುವಿನ ಹುಡುಗ ಮಾತ್ರ ಎದೆಯುಬ್ಬಿಸಿ ನಿಂತಿದ್ದ.

ಲಾವಣ್ಯ ಕಟ್ಟಿದ ಕೈ ಬಿಚ್ಚಿದಳು. ಜಾಮಿಟ್ರಿ ಬಾಕ್ಸು ತೆಗೆದು, ಅದರೊಳಗಿಂದ, ಮೇಜಿನ ಮೇಲಿಟ್ಟ ಮೇಲೆ ಅಂಟಿಸಲೆಂದು ತಂದಿದ್ದ ಒಂದು ಕಡಲೆಕಾಳು, ಗೋಂದಿನ ಪುಟ್ಟ ಬಾಟಲಿ ಹೊರಗಿಟ್ಟು, ಬೊಂಬೆಯ ಮೂಗಿನ ಎಡಪಕ್ಕಕ್ಕೆ ನರಹುಲಿ ಅಂಟಿಸಿದಳು. ಇನ್ನೂ ಮೂರು ಕಾಳು ತಂದಿದ್ದಳು. ತಾತನ ಮೇಲೆ ಅವಳಿಗೆ ಅಷ್ಟು ನಂಬಿಕೆಯಿತ್ತು.

ಬೊಂಬೆ ಮೇಜಿನ ನಟ್ಟನಡುವೆ ಕೂತಿತು. ಬಹುಮಾನ ಮೆಟ್ರೋ ನಿಲ್ದಾಣಕ್ಕೇ ಹೋಯಿತು, ಹೆಸರು ಮೊದಲೇ ಬರೆದಾಗಿತ್ತಂತೆ. ಲಾವಣ್ಯ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಸೋಮವಾರ ಮೋಲ್ಡಿನ ದಿನ ಕುಂಬಳಕಾಯಿ ಇಳಿಸಿ ಬೊಂಬೆಯನ್ನು ಮತ್ತೆ ಕಂಬಕ್ಕೆ ಕಟ್ಟಲಾಯಿತು. ಈ ಸಲ ಕೆಳಗೊಂದು ರಟ್ಟು ತೂಗುಹಾಕಿದ್ದರು: ಎಲ್. ಲಾವಣ್ಯ, ನಾಲ್ಕನೇ ಕ್ಲಾಸು, ‘ಬಿ’ ಸೆಕ್ಷನ್. ಯಾರಾದರೂ ತಲೆಯೆತ್ತಿ ನೋಡಿದರೆ ಸಾಕು, ಗೋಪಾಲಪ್ಪನವರು ಕೇಳುವ ಮೊದಲೇ, ಅದು ನಾನೇ ಎನ್ನುತ್ತಿದ್ದರು.

ಒಂದು ವಾರ ಕಳೆದು ರಾಮಮ್ಮ ಬಂದಳು. ಅವಳೂ ಮೇಲೊಂದು ಅಂತಸ್ತು ಏರಿಸುವವಳಿದ್ದಳು. ಸಿಟಿ ಮಾರ್ಕೆಟ್ಟಿನ ಬೊಂಬೆಗಳನ್ನು ನೋಡಿದೆ, ಒಂದಕ್ಕೂ ಜೀವ ಇಲ್ಲ, ಮಗೂಗೆ ಹೇಳಿ ನಿನ್ನದೇ ಒಂದು ಮಾಡಿಸಿಕೊಡು ಗೋಪಾಲಣ್ಣ ಎಂದು ನೆಲ ನೋಡುತ್ತ ಕೇಳಿದಳು.

ಗೋಪಾಲಪ್ಪನವರು ಬಿಳಿ ಷರ್ಟು ಹಾಕಿಕೊಂಡು ಬಂದು ಸಿಮೆಂಟು ಮೂಟೆಯ ಮೇಲೆ ಕೂತರು. ಲಾವಣ್ಯ ಮಡಕೆ, ಪೇಪರು, ಅಂಟು ಮುಂದಿಟ್ಟುಕೊಂಡು ಅವರ ಮುಖವನ್ನೇ ನೋಡಿದಳು. ನೋಡಿ, ಹುಬ್ಬು ಗಂಟಿಕ್ಕಿದಳು.

“ನಗ್ಬೇಡ ತಾತ.”

ಅವರು ಎಷ್ಟೋ ಪ್ರಯತ್ನಪಟ್ಟರು. ಆಗಲಿಲ್ಲ.